ಅಷ್ಟೊಂದು ಬರೆದವರು ಚೆನ್ನಾಗಿ ಬರೆಯೋಕೆ ಸಾಧ್ಯವಾ?

ಪ್ರಶ್ನೆ: ಬಂಗಾಳಿ ಲೇಖಕಿ ಆಶಾಪೂರ್ಣಾ ದೇವಿ ನೂರಕ್ಕೂ ಜಾಸ್ತಿ ಕಾದಂಬರಿ ಬರೆದಿದ್ದಾರೆ ಅಂತ ಓದಿದೆ. ಶಾಲೆಗೇ ಹೋಗಿಲ್ಲವಂತೆ, ನಿಜವಾ? ಅಷ್ಟೊಂದು ಬರೆದರೆ ಬರಹ ತೆಳುವಾಗಿಬಿಡಲ್ವಾ?
- ಹಾಸನದ ಓದುಗರು

ಉತ್ತರ: ಶಾಲೆಗೆ ಹೋಗಿಲ್ಲ ಅನ್ನೋದು ನಿಜ. ಹುಟ್ಟಿದ್ದು 1909ರಲ್ಲಿ, ಉತ್ತರ ಕಲ್ಕತ್ತಾದ ದೊಡ್ಡ ಕೂಡುಕುಟುಂಬದಲ್ಲಿ. ಹೆಣ್ಣುಮಕ್ಕಳಿಗೆ ಶಾಲೆ ಬೇಡ ಅಂತ ಅಜ್ಜಿ ಹೇಳಿದ ಮೇಲೆ ಆ ಮನೆಯಲ್ಲಿ ಎದುರು ಮಾತಿಲ್ಲ. ಹಾಗಾಗಿ ಅಣ್ಣಂದಿರು ಪಾಠ ಓದುವಾಗ ಹತ್ತಿರ ಕೂತು, ಕೇಳಿ, ನೋಡಿ ಅಕ್ಷರ ಕಲಿತರು. ಆದರೆ ತಾಯಿ ಸರಳಾಸುಂದರಿಗೆ ಪುಸ್ತಕ ಅಂದರೆ ಪ್ರಾಣ. ಮನೆಗೆ ಬರುತ್ತಿದ್ದ ಪತ್ರಿಕೆ, ಪುಸ್ತಕಗಳನ್ನೆಲ್ಲ ಹುಡುಗಿ ಒಂದೂ ಬಿಡದೆ ಓದಿದಳು. ಅಕ್ಕತಂಗಿ ಸೇರಿ ರವೀಂದ್ರನಾಥ ಠಾಕೂರರಿಗೇ ಕಾಗದ ಬರೆದು, ನಮ್ಮ ಹೆಸರು ಬರೆದು ಉತ್ತರ ಕಳಿಸಿ ಅಂತ ಕೇಳಿದ್ದರು. ಉತ್ತರ ಬಂತು ಕೂಡ!

1922ರಲ್ಲಿ, 13ರ ವಯಸ್ಸಿಗೆ, ಯಾರಿಗೂ ಹೇಳದೆ 'ಶಿಶು ಸಾಥಿ' ಅನ್ನೋ ಮಕ್ಕಳ ಪತ್ರಿಕೆಗೆ ಒಂದು ಪದ್ಯ ಕಳಿಸಿದರು. ಅಚ್ಚಾಯಿತು. ಇನ್ನೂ ಕಳಿಸಮ್ಮ ಅಂತ ಸಂಪಾದಕರೇ ಕೇಳಿದರು. ಎರಡು ವರ್ಷಕ್ಕೆ ಮದುವೆ. ಆಮೇಲೆ ಅತ್ತೆಮನೆ, ಅಡುಗೆ, ಮಕ್ಕಳು. ಬರೆಯೋದನ್ನು ಮಾತ್ರ ಬಿಡಲಿಲ್ಲ. ದೊಡ್ಡವರಿಗಾಗಿ ಬರೆದ ಮೊದಲ ಕಥೆ 1936ರಲ್ಲಿ ಬಂತು, ಮೊದಲ ಕಾದಂಬರಿ 1944ರಲ್ಲಿ. ಹೊರಗೆ ಎಲ್ಲೂ ಕಾಣಿಸಿಕೊಳ್ಳದ ಈಕೆ ನಿಜಕ್ಕೂ ಹೆಂಗಸೇನಾ, ಯಾರೋ ಗಂಡಸು ಹೆಣ್ಣಿನ ಹೆಸರಲ್ಲಿ ಬರೀತಿದ್ದಾನಾ ಅಂತ ಕಲ್ಕತ್ತಾದ ಸಾಹಿತಿಗಳಲ್ಲೇ ಕೆಲವರಿಗೆ ಅನುಮಾನವಿತ್ತಂತೆ. ಇದನ್ನು ಓದಿದಾಗೆಲ್ಲ ನನಗೆ ಬೇಜಾರಾಗುತ್ತದೆ.

ಇನ್ನು 'ಅಷ್ಟೊಂದು ಬರೆದದ್ದು' ಯಾಕೆ ಅಂದರೆ, ಬಂಗಾಳದಲ್ಲಿ ದುರ್ಗಾಪೂಜೆಗೆ ಪತ್ರಿಕೆಗಳ ದಪ್ಪ ದಪ್ಪ ವಿಶೇಷಾಂಕ ಬರುತ್ತವೆ, ನಮ್ಮ ದೀಪಾವಳಿ ಸಂಚಿಕೆ ಇದ್ದಹಾಗೆ. ಒಂದೊಂದರಲ್ಲೂ ಇಡೀ ಕಾದಂಬರಿಗಳೇ ಇರುತ್ತವೆ. ಹೆಸರಾದ ಲೇಖಕರಿಗೆ ಪ್ರತಿ ವರ್ಷ ಬೇಡಿಕೆ. ಅಂಥ ಒತ್ತಡದಲ್ಲಿ ಬರೆದದ್ದೆಲ್ಲ ಒಂದೇ ತೂಕದ್ದು ಅಂತ ನಾನೂ ಹೇಳಲ್ಲ. ಆದರೆ ಅವರಿಗೆ ಸರಕು ಯಾವತ್ತೂ ಕಡಿಮೆಯಾಗಲಿಲ್ಲ, ಯಾಕಂದರೆ ಅವರು ನೋಡುತ್ತಿದ್ದದ್ದು ಮನೆಯ ಒಳಗನ್ನು. ಯಾರು ಮೊದಲು ಉಣ್ಣಬೇಕು, ಯಾರ ಸಿಟ್ಟಿಗೆ ಯಾರು ಸುಮ್ನಿರಬೇಕು, ಇದರಲ್ಲೇ ಅಧಿಕಾರ ಹೇಗೆ ಕೆಲಸ ಮಾಡುತ್ತೆ ಅಂತ ಅವರಿಗೆ ಕಾಣುತ್ತಿತ್ತು. 'ಸುವರ್ಣಲತಾ' ಕಾದಂಬರಿಯಲ್ಲಿ ಆ ಹೆಸರಿನ ನಾಯಕಿ ಕೇಳೋದು ಏನು? ಹೊಸ ಮನೆಗೆ ಬೀದಿ ಕಾಣೋ ಒಂದು ಬಾಲ್ಕನಿ. ಗಂಡ ಆಯ್ತು ಅಂತಾನೆ. ಗೃಹಪ್ರವೇಶದ ದಿನ ಅವಳು ಕೋಣೆಯಿಂದ ಕೋಣೆಗೆ ಹುಡುಕುತ್ತಾ ಹೋಗುತ್ತಾಳೆ, ಬಾಲ್ಕನಿ ಇಲ್ಲವೇ ಇಲ್ಲ. ಆ ಪುಟ ಓದಿ ನಾನು ಪುಸ್ತಕ ಮುಚ್ಚಿಟ್ಟು ಸ್ವಲ್ಪ ಹೊತ್ತು ಕೂತಿದ್ದೆ. ತೆಳು ಬರಹ ಹೀಗೆ ಮಾಡಲ್ಲ.

ಪ್ರಶ್ನೆ: ಜ್ಞಾನಪೀಠ ಪಡೆದ ಮೊದಲ ಮಹಿಳೆ ಇವರೇನಾ?
- ಶಿರಸಿಯ ಓದುಗರು

ಉತ್ತರ: ಹೌದು, 1976ರ ಪ್ರಶಸ್ತಿ. ಮರುವರ್ಷದ್ದು ನಮ್ಮ ಶಿವರಾಮ ಕಾರಂತರಿಗೆ. ಅವರೂ ರಾಶಿ ರಾಶಿ ಬರೆದವರೇ ಅಲ್ವಾ!

ಪ್ರಶ್ನೆ: ಎಲ್ಲಿಂದ ಶುರು ಮಾಡಲಿ?
- ಮೈಸೂರಿನ ವಿದ್ಯಾರ್ಥಿನಿ

ಉತ್ತರ: 1964ರ 'ಪ್ರಥಮ ಪ್ರತಿಶ್ರುತಿ'ಯಿಂದ ಮಾರಾಯ್ತಿ, ಬೇರೆ ಮಾತೇ ಇಲ್ಲ. ಮೂರು ಕಾದಂಬರಿಗಳ ಸರಣಿಯಲ್ಲಿ ಇದು ಮೊದಲನೆಯದು, ಇಂಗ್ಲಿಷ್ ಅನುವಾದವೂ ಇದೆ. ಎಂಟು ವರ್ಷಕ್ಕೆ ಮದುವೆಯಾದ ಸತ್ಯವತಿ ಇಲ್ಲಿದ್ದಾಳೆ, ದೊಡ್ಡವರನ್ನು ನೇರವಾಗಿ ಪ್ರಶ್ನೆ ಕೇಳುವವಳು. ತನ್ನ ಮಗಳಾದರೂ ಓದಲಿ ಅಂತ ಅವಳು ಪಟ್ಟ ಪಾಡು ಕೊನೆಗೆ ಏನಾಗುತ್ತದೆ ಅಂತ ನಾನು ಹೇಳಲ್ಲ. ಆ ಮಗಳೇ ಸುವರ್ಣಲತಾ, 1967ರ ಎರಡನೆಯ ಕಾದಂಬರಿ ಅವಳದು. ಅವಳ ಮಗಳು ಬಕುಲ್, 1974ರ ಮೂರನೆಯದು. ಬಕುಲ್ ಲೇಖಕಿಯಾಗುತ್ತಾಳೆ. ಮೂರನ್ನೂ ಇದೇ ಸಾಲಿನಲ್ಲಿ ಓದಿ. ಮೊದಲ ಪುಸ್ತಕದ ಆರಂಭದಲ್ಲೇ ಬಕುಲಳ ನೋಟ್‌ಬುಕ್ಕಿನ ಮಾತು ಬರುತ್ತೆ, ಅದನ್ನು ನೆನಪಿಟ್ಟುಕೊಳ್ಳಿ. ಅಜ್ಜಿಯ ಕಥೆ ನಮಗೆ ಸಿಕ್ಕಿದ್ದೇ ಆ ಮೊಮ್ಮಗಳು ಬರೆದಿಟ್ಟಿದ್ದರಿಂದ.