ಹಾಕಿ ಸೀಸನ್ನಿನ ಸ್ಕೋರು ಮೊಬೈಲಿನಲ್ಲಿ ತಟ್ಟನೆ ತೆರೆಯಬೇಕಾದರೆ

ಕೊಡಗಿನ ಕ್ರೀಡಾ ಸುದ್ದಿ ಕೊಡುವ ಜಾಲತಾಣಗಳನ್ನು ಮೊಬೈಲಿಗೆ ಒಗ್ಗಿಸುವುದು ಹೇಗೆಂದು ಕೇಳಿ ಹಲವು ಓದುಗರು ಬರೆದಿದ್ದಾರೆ. ಅವರ ಅವಸರ ಅರ್ಥವಾಗುವಂಥದ್ದೇ. ಪಾಂಡಂಡ ಕುಟ್ಟಪ್ಪನವರು 1997ರಲ್ಲಿ ಕರಡದಲ್ಲಿ ಶುರುಮಾಡಿದ ಕೊಡವ ಕೌಟುಂಬಿಕ ಹಾಕಿಯಲ್ಲಿ ಆಗ 60 ತಂಡಗಳಿದ್ದವು. 2024ರ ನಾಪೋಕ್ಲು ಕೂಟದ ಹೊತ್ತಿಗೆ ಅದು 360 ಆಯಿತು. ಇಷ್ಟೂ ಮನೆತನದವರು ಊರಿನಲ್ಲಿರಲಿ, ಬೆಂಗಳೂರಿನಲ್ಲಿರಲಿ, ಫಲಿತಾಂಶ ನೋಡುವುದು ಕೈಯಲ್ಲಿರುವ ಫೋನಿನಲ್ಲೇ.

ಪ್ರಶ್ನೆ: ಒಂದು ಪಂದ್ಯದ ವರದಿಗೆ ಹತ್ತು ಫೋಟೊ ಹಾಕುತ್ತೇವೆ. ಮಡಿಕೇರಿಯಲ್ಲಿ ಪುಟ ಸರಾಗವಾಗಿ ತೆರೆಯುತ್ತದೆ, ಭಾಗಮಂಡಲದ ಕಡೆಯವರಿಗೆ ಬರೀ ಬಿಳಿ ಪರದೆ. ಹೋಸ್ಟಿಂಗ್ ಬದಲಿಸಬೇಕೆ? — ನಾಪೋಕ್ಲುವಿನ ಓದುಗರು

ಉತ್ತರ: ಹೋಸ್ಟಿಂಗಿಗೆ, ಅಂದರೆ ಸೈಟನ್ನು ಇಟ್ಟಿರುವ ಸರ್ವರ್ ಸೇವೆಗೆ, ಕೈ ಹಾಕುವ ಮೊದಲು ಫೋಟೊಗಳ ತೂಕ ನೋಡಿ. ಕ್ಯಾಮೆರಾದಿಂದ ನೇರವಾಗಿ ಏರಿಸಿದ ಚಿತ್ರ ಸುಲಭವಾಗಿ 5 ಎಂಬಿ ಇರುತ್ತದೆ. ಸಿಗ್ನಲ್ ಕುಂಟುವ ಜಾಗದಲ್ಲಿ ಸೆಕೆಂಡಿಗೆ 400 ಕಿಲೋಬಿಟ್ ಸಿಕ್ಕರೆ, ಆ ಒಂದು ಚಿತ್ರ ಇಳಿಯಲು 100 ಸೆಕೆಂಡು ಬೇಕು. ಅದೇ ಚಿತ್ರ 100 ಕೆಬಿ ಇದ್ದರೆ 2 ಸೆಕೆಂಡು ಸಾಕು. ಯಾವ ಹೋಸ್ಟಿಂಗೂ ಈ ಅಂತರವನ್ನು ತುಂಬಿಕೊಡುವುದಿಲ್ಲ.

ಹೆಚ್ಚಿನ ಆಂಡ್ರಾಯ್ಡ್ ಫೋನುಗಳ ಪರದೆ ಬ್ರೌಸರಿನ ಲೆಕ್ಕದಲ್ಲಿ 360ರಿಂದ 412 ಪಿಕ್ಸೆಲ್ ಅಗಲ. ಪಿಕ್ಸೆಲ್ ಒತ್ತಾದ ಪರದೆ ಎಂದು ಎರಡೂವರೆಯಿಂದ ಮೂರು ಪಟ್ಟು ಹಿಡಿದರೂ ಸುಮಾರು 1080 ಪಿಕ್ಸೆಲ್ ಅಗಲದ ಚಿತ್ರಕ್ಕಿಂತ ದೊಡ್ಡದು ವ್ಯರ್ಥ. ಪ್ರತಿ ಫೋಟೊವನ್ನು 480, 720, 1080 ಅಗಲದ ಮೂರು ಪ್ರತಿಗಳಾಗಿ ವೆಬ್‌ಪಿ ಎಂಬ ಹಗುರ ರೂಪದಲ್ಲಿ, ಗುಣಮಟ್ಟ 100ಕ್ಕೆ 75 ಇಟ್ಟು ಉಳಿಸಿ. ಎಸ್‌ಆರ್‌ಸಿ-ಸೆಟ್‌ನಲ್ಲಿ (srcset, ಚಿತ್ರದ ಕೋಡಿನಲ್ಲಿ ಹಲವು ಗಾತ್ರಗಳನ್ನು ಪಟ್ಟಿಮಾಡುವ ಜಾಗ) ಮೂರನ್ನೂ ಕೊಟ್ಟರೆ ಯಾವುದು ಬೇಕೆಂದು ಫೋನೇ ಆರಿಸಿಕೊಳ್ಳುತ್ತದೆ.

ಲೇಜಿ ಲೋಡಿಂಗ್, ಅಂದರೆ ಓದುಗ ಹತ್ತಿರ ಬಂದಾಗ ಮಾತ್ರ ಚಿತ್ರ ಇಳಿಸುವ ವ್ಯವಸ್ಥೆ, ಹಾಕುವಾಗ ಬಹಳ ಜನ ಒಂದು ತಪ್ಪು ಮಾಡುತ್ತಾರೆ. ಮೇಲಿನ ಮೊದಲ ಚಿತ್ರಕ್ಕೂ ಅದನ್ನೇ ಹಾಕಿಬಿಡುತ್ತಾರೆ. ಆಗ ಓದುಗ ಮೊದಲು ನೋಡಬೇಕಾದ ಚಿತ್ರವೇ ತಡವಾಗಿ ಬರುತ್ತದೆ. ಎರಡನೆಯ ಚಿತ್ರದಿಂದ ಕೆಳಕ್ಕೆ ಮಾತ್ರ ಹಾಕಿ. ಪ್ರತಿ ಚಿತ್ರಕ್ಕೂ ಅಗಲ, ಎತ್ತರ ಎರಡನ್ನೂ ಬರೆದಿಡಿ. ಇಲ್ಲದಿದ್ದರೆ ಓದುತ್ತಿರುವ ಸಾಲು ಚಿತ್ರ ಬಂದ ಕೂಡಲೇ ಕೆಳಕ್ಕೆ ಜಾರುತ್ತದೆ.

ಯೂಟ್ಯೂಬ್ ವಿಡಿಯೊ ಇದ್ದರೆ ನೇರವಾಗಿ ಅಂಟಿಸಬೇಡಿ. ಯಾರೂ ಪ್ಲೇ ಒತ್ತದಿದ್ದರೂ ಅದು ತನ್ನ ಸ್ಕ್ರಿಪ್ಟುಗಳನ್ನೆಲ್ಲ ಎಳೆದುಕೊಳ್ಳುತ್ತದೆ. ವಿಡಿಯೊದ ಒಂದು ಚಿತ್ರ, ಅದರ ಮೇಲೊಂದು ಪ್ಲೇ ಗುರುತು ಇಡಿ. ಒತ್ತಿದ ಮೇಲೆ ವಿಡಿಯೊ ಬರಲಿ.

ಇಷ್ಟಾದ ಮೇಲೆ ಗೂಗಲ್‌ನ ಪೇಜ್‌ಸ್ಪೀಡ್ ಇನ್‌ಸೈಟ್ಸ್‌ನಲ್ಲಿ ಪುಟದ ವಿಳಾಸ ಕೊಟ್ಟು ನೋಡಿ. ಮುಖ್ಯ ಭಾಗ ಕಾಣಿಸಿಕೊಳ್ಳುವುದು 2.5 ಸೆಕೆಂಡಿನೊಳಗೆ, ಒತ್ತಿದ್ದಕ್ಕೆ ಸ್ಪಂದನೆ 200 ಮಿಲಿಸೆಕೆಂಡಿನೊಳಗೆ, ಪುಟ ಜಾರುವ ಅಂಕ 0.1ರೊಳಗೆ ಇರಬೇಕು. ಆಗಲೂ ನಿಧಾನವಾದರೆ ಹೋಸ್ಟಿಂಗ್ ವಿಚಾರ ಮಾತಾಡೋಣ.

ಪ್ರಶ್ನೆ: ಪಂದ್ಯ ನಡೆಯುವಾಗ ಜನ ಪುಟವನ್ನು ರಿಫ್ರೆಶ್ ಮಾಡುತ್ತಲೇ ಇರುತ್ತಾರೆ, ಸೈಟ್ ಕೂತುಬಿಡುತ್ತದೆ. ಲೈವ್ ಸ್ಕೋರ್ ಕೊಡಲು ಸರಳ ದಾರಿ ಇದೆಯೇ? — ವಿರಾಜಪೇಟೆಯ ಓದುಗರು

ಉತ್ತರ: ಇದೆ. ಸ್ಕೋರನ್ನು ಪುಟದಿಂದ ಬೇರ್ಪಡಿಸಿ. ತಂಡಗಳ ಹೆಸರು, ಗೋಲು, ಎಷ್ಟನೆಯ ನಿಮಿಷ, ಕೊನೆಯ ಅಪ್‌ಡೇಟ್ ಸಮಯ ಇಷ್ಟೇ ಇರುವ 2 ಕೆಬಿಯ ಒಂದು ಜೇಸನ್ (ಬರೀ ಮಾಹಿತಿ ಇರುವ ಸರಳ ಪಠ್ಯ) ಫೈಲ್ ಮಾಡಿ. ಪುಟ ಹಾಗೇ ನಿಂತಿರಲಿ, ಈ ಫೈಲನ್ನು ಮಾತ್ರ 30 ಸೆಕೆಂಡಿಗೊಮ್ಮೆ ಅದು ತರಿಸಿಕೊಳ್ಳಲಿ. ಒಂದು ಗಂಟೆಗೆ 120 ಸಲ, ಒಟ್ಟು 240 ಕೆಬಿ. ಅದೇ ಓದುಗ 2 ಎಂಬಿಯ ಪುಟವನ್ನು 120 ಸಲ ರಿಫ್ರೆಶ್ ಮಾಡಿದರೆ 240 ಎಂಬಿ ಖರ್ಚು. ಅವರ ಡೇಟಾವೂ ಹೋಯಿತು, ನಿಮ್ಮ ಸರ್ವರೂ ಕುಸಿಯಿತು.

ಸಿಡಿಎನ್ (ಸೈಟಿನ ಪ್ರತಿಯನ್ನು ಓದುಗರ ಹತ್ತಿರದ ಸರ್ವರುಗಳಿಂದ ಕೊಡುವ ಸೇವೆ) ಇದ್ದರೆ ಆ ಫೈಲನ್ನು 10 ಸೆಕೆಂಡು ಮಾತ್ರ ಕ್ಯಾಷ್ ಮಾಡಲು, ಅಂದರೆ ಪ್ರತಿಯಾಗಿ ಇಟ್ಟುಕೊಳ್ಳಲು, ಹೇಳಿ. ಉಳಿದ ಪುಟಗಳ ಹಾಗೆ ಅದಕ್ಕೂ ಒಂದು ಗಂಟೆ ಇಟ್ಟರೆ, ಪಂದ್ಯ ಮುಗಿದು ಜನ ಮನೆ ಸೇರಿದ ಮೇಲೂ ಸೈಟಿನಲ್ಲಿ 0-0 ನಿಂತಿರುತ್ತದೆ. ಓದುಗ ಬೇರೆ ಆ್ಯಪ್‌ಗೆ ಹೋದಾಗ ತರಿಸುವುದು ನಿಲ್ಲಲಿ, ವಾಪಸ್ ಬಂದ ತಕ್ಷಣ ಒಮ್ಮೆ ತರಿಸಲಿ. ನೆಟ್‌ವರ್ಕ್ ಹೋದರೆ ಸ್ಕೋರಿನ ಜಾಗವನ್ನು ಖಾಲಿ ಮಾಡಬೇಡಿ: ಹಳೆಯ ಸ್ಕೋರನ್ನೇ ಇಟ್ಟು ಪಕ್ಕದಲ್ಲಿ "3.42ರ ಸ್ಕೋರ್, ನೆಟ್‌ವರ್ಕ್ ಇಲ್ಲ" ಎಂದು ತೋರಿಸಿ. ಮತ್ತೆ ಪ್ರಯತ್ನಿಸುವ ಅಂತರ 30, 60, 120 ಸೆಕೆಂಡು ಹೀಗೆ ಹೆಚ್ಚುತ್ತಾ ಹೋಗಲಿ.

ಮೈದಾನದ ಬದಿಯಲ್ಲಿ ನಿಂತು ಸ್ಕೋರ್ ಏರಿಸುವವರನ್ನು ಎಲ್ಲರೂ ಮರೆಯುತ್ತಾರೆ. ಬಿಸಿಲಲ್ಲಿ, ಗದ್ದಲದಲ್ಲಿ, ಒಂದೇ ಕೈಯಲ್ಲಿ ಫೋನ್ ಹಿಡಿದು ವರ್ಡ್‌ಪ್ರೆಸ್ ಎಡಿಟರ್ ತೆರೆಯಲು ಅವರಿಗೆ ಹೇಳುವುದು ಅನ್ಯಾಯ. ಅವರಿಗೆಂದೇ ಒಂದು ಪುಟ ಮಾಡಿ: ಎರಡು ತಂಡದ ಹೆಸರು, ಪ್ರತಿಯೊಂದರ ಕೆಳಗೆ ದೊಡ್ಡದೊಂದು "ಗೋಲ್" ಬಟನ್, ತಪ್ಪಿ ಒತ್ತಿದರೆ ತಿದ್ದಲು "ರದ್ದು". ಇನ್ನೂ ಒಂದು ಎಚ್ಚರ ಬೇಕು. ನೆಟ್ ನಿಧಾನವಿದ್ದಾಗ ಒತ್ತಿದ್ದು ಹೋಯಿತೋ ಇಲ್ಲವೋ ಎಂದು ಅವರು ಮತ್ತೆ ಒತ್ತುತ್ತಾರೆ, ಒಂದು ಗೋಲು ಎರಡಾಗುತ್ತದೆ. ಬಟನ್ ಒತ್ತಿದ ಕೂಡಲೇ ಬಣ್ಣ ಬದಲಾಗಿ "ಕಳುಹಿಸುತ್ತಿದೆ" ಎಂದು ತೋರಿಸಲಿ, ಉತ್ತರ ಬರುವವರೆಗೆ ಮತ್ತೆ ಒತ್ತಲು ಬಿಡದಿರಲಿ. ಜೊತೆಗೆ ಫೋನಿನಲ್ಲೇ ಪ್ರತಿ ಗೋಲಿಗೂ ಒಂದು ಬೇರೆ ಸಂಖ್ಯೆ ಹುಟ್ಟಿ ಅದರೊಂದಿಗೆ ಹೋಗಲಿ. ಅದೇ ಸಂಖ್ಯೆ ಎರಡನೇ ಸಲ ಬಂದರೆ ಸರ್ವರ್ ಸುಮ್ಮನೆ ಬಿಟ್ಟುಬಿಡುತ್ತದೆ.

ಪ್ರಶ್ನೆ: ಟೂರ್ನಿಯ ಡ್ರಾ ಪಿಡಿಎಫ್ ಆಗಿ ಹಾಕಿದ್ದೇವೆ. ಹಿರಿಯರು ಎರಡು ಬೆರಳಲ್ಲಿ ಹಿಗ್ಗಿಸಿ ಹಿಗ್ಗಿಸಿ ಹುಡುಕುತ್ತಾರೆ, ಆದರೂ ತಮ್ಮ ಮನೆತನದ ಪಂದ್ಯ ಸಿಗುವುದಿಲ್ಲ. — ಪೊನ್ನಂಪೇಟೆಯ ಓದುಗರು

ಉತ್ತರ: ನಾಕೌಟ್‌ನಲ್ಲಿ 360 ತಂಡ ಇದ್ದರೆ ಒಂಬತ್ತು ಸುತ್ತು, 359 ಪಂದ್ಯ. ಕವಲೊಡೆದ ಡ್ರಾ ಚಿತ್ರದಲ್ಲಿ ಒಂಬತ್ತು ಅಂಕಣ ಬೇಕು. 360 ಪಿಕ್ಸೆಲ್ ಪರದೆಯಲ್ಲಿ ಒಂದಕ್ಕೆ ಸಿಗುವುದು 40 ಪಿಕ್ಸೆಲ್. "ಕುಂಡ್ಯೋಳಂಡ" ಎಂಬ ಮನೆತನದ ಹೆಸರು ಓದುವ ಗಾತ್ರದಲ್ಲಿ ಅಲ್ಲಿ ಹಿಡಿಯುವುದೇ ಇಲ್ಲ. ಪಿಡಿಎಫ್ ಅನ್ನು ಪ್ರಿಂಟ್ ತೆಗೆಯುವವರಿಗೆಂದು ಕೆಳಗಿಡಿ, ಮೊಬೈಲಿನವರಿಗೆ ಪಟ್ಟಿ ಕೊಡಿ.

ಪುಟದ ತಲೆಯಲ್ಲಿ ಒಂದೇ ಹುಡುಕು ಪೆಟ್ಟಿಗೆ: "ಮನೆತನದ ಹೆಸರು". ಅದರ ಕೆಳಗೆ ಆ ದಿನದ ಪಂದ್ಯಗಳು, ಸಮಯದ ಕ್ರಮದಲ್ಲಿ. ಒಂದೊಂದು ಪಂದ್ಯಕ್ಕೆ ಎರಡು ಸಾಲು ಸಾಕು. ಮೊದಲಿನದರಲ್ಲಿ ಸಮಯ, ಮೈದಾನದ ಸಂಖ್ಯೆ. ಎರಡನೆಯದರಲ್ಲಿ ಎರಡು ತಂಡ. ಪ್ರತಿ ಮನೆತನಕ್ಕೂ ಅದರದೇ ಒಂದು ಪುಟ, ಅದರದೇ ವಿಳಾಸ ಇರಲಿ. ಆಡಿದ ಪಂದ್ಯ, ಮುಂದಿನ ಪಂದ್ಯ ಎರಡೂ ಅಲ್ಲೇ ಸಿಗುವುದರಿಂದ ಆ ಲಿಂಕನ್ನು ಮನೆಯವರು ತಮ್ಮ ವಾಟ್ಸಾಪ್ ಗುಂಪಿನಲ್ಲಿ ಪಿನ್ ಮಾಡಿಕೊಂಡರೆ ಟೂರ್ನಿ ಮುಗಿಯುವವರೆಗೂ ಸಾಕು. ಮತ್ತೆ, "ಇಂದು 2 ಗಂಟೆಗೆ" ಎಂದು ಬರೆಯಬೇಡಿ. ಫಾರ್ವರ್ಡ್ ಆಗಿ ಎರಡು ದಿನದ ಮೇಲೆ ಓದಿದವರು ಮೈದಾನಕ್ಕೆ ಹೋಗಿ ಸುಮ್ಮನೆ ವಾಪಸ್ ಬರಬೇಕಾಗುತ್ತದೆ. ತಾರೀಕು, ವಾರ ಎರಡನ್ನೂ ಬರೆಯಿರಿ.

ಹುಡುಕಾಟ ಕೈಕೊಡುವುದು ಕಾಗುಣಿತದಲ್ಲಿ. "ಕುಂಡ್ಯೋಳಂಡ" ಬರೆಯುವಾಗ ಒಬ್ಬರು "ಡ್ಯೋ" ಎಂದು ದೀರ್ಘ ಹಾಕುತ್ತಾರೆ, ಇನ್ನೊಬ್ಬರು "ಡ್ಯೊ" ಎನ್ನುತ್ತಾರೆ, ಬೆಂಗಳೂರಿನ ಮಕ್ಕಳು ಇಂಗ್ಲಿಷ್ ಅಕ್ಷರದಲ್ಲಿ ಹೊಡೆಯುತ್ತಾರೆ. ಪ್ರತಿ ಹೆಸರಿಗೂ ಇಂಥ ನಾಲ್ಕೈದು ರೂಪಗಳನ್ನು ಒಂದು ಅಂಕಣದಲ್ಲಿ ಸೇರಿಸಿಡಿ. ಕುಳಿತರೆ ಒಂದೆರಡು ದಿನದ ಕೆಲಸ, ಆಮೇಲೆ ಪ್ರತಿ ವರ್ಷವೂ ಉಪಯೋಗಕ್ಕೆ ಬರುತ್ತದೆ. ಕಣ್ಣಿಗೆ ಕಾಣದ ತೊಂದರೆಯೂ ಒಂದಿದೆ. ಯೂನಿಕೋಡ್‌ನಲ್ಲಿ (ಎಲ್ಲ ಸಾಧನಗಳಿಗೂ ಒಂದೇ ಆದ ಅಕ್ಷರ ಸಂಕೇತ) ಓಕಾರದ ಚಿಹ್ನೆಯನ್ನು ಒಂದೇ ತುಂಡಾಗಿಯೂ ಬರೆಯಬಹುದು, ಎತ್ವ, ಕೊಂಬು, ದೀರ್ಘ ಎಂದು ಮೂರು ತುಂಡಾಗಿಯೂ ಬರೆಯಬಹುದು. ನೋಡಲು ಎರಡೂ ಒಂದೇ, ಕಂಪ್ಯೂಟರಿಗೆ ಬೇರೆ ಬೇರೆ. ಹೆಸರು ಉಳಿಸುವಾಗಲೂ ಹುಡುಕುವಾಗಲೂ ಎನ್‌ಎಫ್‌ಸಿ ನಾರ್ಮಲೈಸೇಶನ್ (ತುಂಡುಗಳನ್ನು ಒಂದೇ ರೂಪಕ್ಕೆ ತರುವ ಕ್ರಮ) ಮಾಡಿಸಿದರೆ ಎರಡೂ ಒಂದಾಗುತ್ತವೆ.

ಪ್ರಶ್ನೆ: ಪತ್ರಿಕೆಯ ಕ್ರೀಡಾ ಪುಟದಿಂದ ಸುದ್ದಿ ತಂದು ಹಾಕಿದರೆ ಮೊಬೈಲಿನಲ್ಲಿ ಅಕ್ಷರ ಗೋಜಲಾಗುತ್ತದೆ. ಸರಿ ಕಂಡರೂ ಶೀರ್ಷಿಕೆಯಲ್ಲಿ ಒತ್ತಕ್ಷರ ಕತ್ತರಿಸಿಹೋಗುತ್ತದೆ. — ಸೋಮವಾರಪೇಟೆಯ ಓದುಗರು

ಉತ್ತರ: ಇವು ಎರಡು ಬೇರೆ ರೋಗಗಳು. ಗೋಜಲಾಗುವುದು ಹಳೆಯ "ನುಡಿ" ಅಥವಾ "ಬರಹ" ಫಾಂಟಿನಲ್ಲಿ ಜೋಡಿಸಿದ ಪಠ್ಯ. ಆ ಫಾಂಟ್ ಇರುವ ಕಂಪ್ಯೂಟರಿನಲ್ಲಿ ಮಾತ್ರ ಅದು ಕನ್ನಡ. ಫೋನಿನಲ್ಲಿ ಆ ಫಾಂಟ್ ಇಲ್ಲ. ಯೂನಿಕೋಡಿಗೆ ಪರಿವರ್ತಿಸಿಯೇ ಹಾಕಬೇಕು. ಪರಿವರ್ತಿಸಿದ ಮೇಲೆ ಅರ್ಕಾವತ್ತಿನ ಪದಗಳನ್ನು ಕಣ್ಣಿಟ್ಟು ನೋಡಿ. ಅರ್ಕಾವತ್ತಿನ ಜಾಗದಲ್ಲಿ ಕನ್ನಡದ ಒಂಬತ್ತು ಕೂತು "ಮೂರ್ನಾಡು" ಎಂಬುದು "ಮೂನಾ೯ಡು" ಆಗಿರುತ್ತದೆ. ಬಿಂದುವಿನ ಜಾಗದಲ್ಲಿ ಅಂಕಿಯ ಸೊನ್ನೆ ಕೂತಿರುತ್ತದೆ. ಓದಲು ಅಡ್ಡಿಯಾಗದಿರಬಹುದು, ಆದರೆ ಹುಡುಕಿದರೆ ಆ ಸುದ್ದಿ ಎಂದೂ ಸಿಗುವುದಿಲ್ಲ.

ಒತ್ತು ಕತ್ತರಿಸುವುದು ಸಾಲಿನ ಎತ್ತರ ಸಾಲದೆ. ಇಂಗ್ಲಿಷ್ ಥೀಮುಗಳಲ್ಲಿ ಶೀರ್ಷಿಕೆಗೆ ಸಾಮಾನ್ಯವಾಗಿ ಅಕ್ಷರದ ಗಾತ್ರದ 1.2 ಪಟ್ಟು ಇರುತ್ತದೆ. "ರಾಷ್ಟ್ರೀಯ" ಎಂಬಲ್ಲಿ ಷಕಾರದ ಕೆಳಗೆ ಎರಡು ಒತ್ತು ಇಳಿಯಬೇಕು, ಅಲ್ಲಿ ಜಾಗವೇ ಇಲ್ಲ. ಶೀರ್ಷಿಕೆಗೆ 1.5, ಒಳಪಠ್ಯಕ್ಕೆ 1.7 ಇಡಿ; ಅಕ್ಷರದ ಗಾತ್ರ 16 ಪಿಕ್ಸೆಲ್‌ಗಿಂತ ಕಡಿಮೆ ಬೇಡ, 18 ಇದ್ದರೆ ಒಳ್ಳೆಯದು. ಲೆಟರ್ ಸ್ಪೇಸಿಂಗ್ (ಅಕ್ಷರಗಳ ನಡುವಿನ ಹೆಚ್ಚುವರಿ ಅಂತರ) ಸೊನ್ನೆ ಇರಲಿ. ಆಂಡ್ರಾಯ್ಡ್‌ನಲ್ಲಿ ನೋಟೊ ಸಾನ್ಸ್ ಕನ್ನಡ ಫಾಂಟ್ ಸಾಮಾನ್ಯವಾಗಿ ಮೊದಲೇ ಇರುತ್ತದೆ, ಒಳಪಠ್ಯಕ್ಕೆ ಬೇರೆ ಫಾಂಟ್ ಇಳಿಸುವ ಹೊರೆ ಓದುಗರಿಗೆ ಬೇಡ.

ಪ್ರಶ್ನೆ: ಸ್ವಂತ ಆ್ಯಪ್ ಮಾಡಿಸಿದರೆ ಈ ತೊಂದರೆಗಳೆಲ್ಲ ತೀರುತ್ತವೆಯೇ? — ಕುಶಾಲನಗರದ ಓದುಗರು

ಉತ್ತರ: ಇಲ್ಲ. ಅದೇ 5 ಎಂಬಿ ಫೋಟೊ ಆ್ಯಪ್‌ನಲ್ಲೂ ಅಷ್ಟೇ ನಿಧಾನ. ವರ್ಷದಲ್ಲಿ ಒಂದು ತಿಂಗಳ ಟೂರ್ನಿಗಾಗಿ ಯಾರೂ ಆ್ಯಪ್ ಇಟ್ಟುಕೊಳ್ಳುವುದಿಲ್ಲ. ಆ ದುಡ್ಡನ್ನು ಸೈಟಿಗೇ ಹಾಕಿ. ಮೊಬೈಲಿಗೆಂದು ಬೇರೆ ಸೈಟೂ ಬೇಡ, ಒಂದೇ ಪುಟ ಪರದೆಗೆ ತಕ್ಕಂತೆ ಹೊಂದಿಕೊಳ್ಳಲಿ.

ಪ್ರಶ್ನೆ: ನಮ್ಮ ಲಿಂಕನ್ನು ವಾಟ್ಸಾಪ್‌ನಲ್ಲಿ ಕಳಿಸಿದರೆ ಶೇಕಡಾ ಚಿಹ್ನೆಗಳ ಉದ್ದ ಸಾಲು ಬರುತ್ತದೆ, ಚಿತ್ರ ಕಾಣುವುದಿಲ್ಲ. — ಮಡಿಕೇರಿಯ ಓದುಗರು

ಉತ್ತರ: ಕನ್ನಡ ಶೀರ್ಷಿಕೆಯೇ ವಿಳಾಸವಾಗಿರುವುದರಿಂದ ಹಾಗಾಗುತ್ತದೆ. ಕನ್ನಡದ ಒಂದೊಂದು ಅಕ್ಷರ, ಸ್ವರಚಿಹ್ನೆಯೂ ವಿಳಾಸದಲ್ಲಿ ಒಂಬತ್ತು ಅಕ್ಷರವಾಗಿ, ಒತ್ತು ಹದಿನೆಂಟಾಗಿ ಹಿಗ್ಗುತ್ತದೆ. "ಹಾಕಿ" ಎಂಬ ಪುಟ್ಟ ಪದಕ್ಕೇ 36. ಪ್ರಕಟಿಸುವ ಮೊದಲು ಪರ್ಮಾಲಿಂಕ್ (ಪುಟದ ವಿಳಾಸ) ಜಾಗದಲ್ಲಿ ಇಂಗ್ಲಿಷ್ ಅಕ್ಷರದ ನಾಲ್ಕು ಪದ ಬರೆಯಿರಿ. ಹಳೆಯ ಪುಟಗಳ ವಿಳಾಸ ಬದಲಿಸುವುದಾದರೆ 301 ರೀಡೈರೆಕ್ಟ್ (ಹಳೆಯ ವಿಳಾಸದಿಂದ ಹೊಸದಕ್ಕೆ ಕಳಿಸುವ ಸೂಚನೆ) ಹಾಕದೆ ಬದಲಿಸಬೇಡಿ, ಜನ ಉಳಿಸಿಕೊಂಡ ಲಿಂಕುಗಳೆಲ್ಲ ಸತ್ತುಹೋಗುತ್ತವೆ. ಚಿತ್ರಕ್ಕೆ ಓಪನ್ ಗ್ರಾಫ್ ಟ್ಯಾಗ್, ಅಂದರೆ ಹಂಚಿದ ಲಿಂಕಿನಲ್ಲಿ ಯಾವ ಚಿತ್ರ ಕಾಣಬೇಕೆಂದು ಹೇಳುವ ಕೋಡ್, ಬೇಕು: 1200 ಅಗಲ, 630 ಎತ್ತರ, ತೂಕ 300 ಕೆಬಿಯೊಳಗೆ.

ಪ್ರಶ್ನೆ: ಜಾಹೀರಾತಿಲ್ಲದೆ ಸೈಟ್ ನಡೆಯದು. ಆದರೆ ಸ್ಕೋರ್ ಒತ್ತಲು ಹೋದರೆ ಜಾಹೀರಾತು ತೆರೆಯುತ್ತದೆಂದು ಓದುಗರು ಬೈಯುತ್ತಾರೆ. — ಗೋಣಿಕೊಪ್ಪದ ಓದುಗರು

ಉತ್ತರ: ಅವರು ಬೈಯುವುದು ಸರಿ. ಜಾಹೀರಾತು ತಡವಾಗಿ ಬಂದು ಪುಟವನ್ನು ಕೆಳಕ್ಕೆ ತಳ್ಳುವುದರಿಂದ ಬೆರಳು ಇಳಿಯುವಷ್ಟರಲ್ಲಿ ಅದರ ಅಡಿಯ ವಸ್ತುವೇ ಬದಲಾಗಿರುತ್ತದೆ. 300ಕ್ಕೆ 250ರ ಜಾಹೀರಾತಾದರೆ ಅದು ಬರುವ ಮೊದಲೇ 250 ಪಿಕ್ಸೆಲ್ ಎತ್ತರದ ಖಾಲಿ ಚೌಕ ಕಾದಿರಿಸಿ. ಸ್ಕೋರಿನ ಮೇಲೆ ಬೇಡ, ವರದಿಯ ಎರಡನೇ ಪ್ಯಾರಾದ ನಂತರ ಹಾಕಿ. ಒತ್ತುವ ಜಾಗಗಳು 48 ಪಿಕ್ಸೆಲ್ ಎತ್ತರವಿರಲಿ, ನಡುವೆ 8 ಪಿಕ್ಸೆಲ್ ಬಿಡಿ. ಪುಟ ತೆರೆದ ಕೂಡಲೇ "ನೋಟಿಫಿಕೇಶನ್ ಬೇಕೆ" ಎಂದು ಅಡ್ಡ ಬರುವ ಪೆಟ್ಟಿಗೆಯನ್ನು ತೆಗೆದುಬಿಡಿ. ಮನೆತನದ ಪುಟದಲ್ಲಿ "ಈ ತಂಡದ ಸ್ಕೋರ್ ತಿಳಿಸಿ" ಎಂಬ ಬಟನ್ ಇಟ್ಟರೆ, ಬೇಕಾದವರು ತಾವಾಗಿಯೇ ಒತ್ತುತ್ತಾರೆ.

ಬದಲಾವಣೆಗಳನ್ನು ಆಫೀಸಿನ ವೈಫೈಯಲ್ಲಿ ಪರೀಕ್ಷಿಸಬೇಡಿ. 3 ಜಿಬಿ ರ್‍ಯಾಮ್‌ನ ಹಳೆಯ ಆಂಡ್ರಾಯ್ಡ್ ಫೋನ್ ತೆಗೆದುಕೊಂಡು, ಮಧ್ಯಾಹ್ನ ಎರಡು ಗಂಟೆಗೆ ಮೈದಾನದ ಬಿಸಿಲಲ್ಲಿ ನಿಂತು, ಹೆಬ್ಬೆರಳೊಂದರಿಂದಲೇ ಮುಂದಿನ ಪಂದ್ಯದ ಸಮಯ ಹುಡುಕಿ ನೋಡಿ. ಬಿಳಿಯ ಮೇಲಿನ ತೆಳು ಬೂದು ಅಕ್ಷರಗಳು ಅಲ್ಲಿ ಕಾಣುವುದೇ ಇಲ್ಲ. ಅಕ್ಷರಕ್ಕೂ ಹಿನ್ನೆಲೆಗೂ ಕಾಂಟ್ರಾಸ್ಟ್ ಕನಿಷ್ಠ 4.5ಕ್ಕೆ 1 ಇರಬೇಕು, ಸ್ಕೋರಿನ ಅಂಕಿಗಳಿಗೆ ಅಚ್ಚ ಕಪ್ಪೇ ಇರಲಿ.