ಮುಟ್ಟಿದ್ದು ಒಂದೇ ಕೈ

ಕತ್ತರಿಗುಪ್ಪೆಯ ಹದಿನಾಲ್ಕು ವರ್ಷದ ಹುಡುಗಿಯೊಬ್ಬಳು ನೋಟ್‌ಬುಕ್ಕಿನ ಹಾಳೆ ಹರಿದು, ಎರಡೂ ಬದಿಗೆ ಒತ್ತೊತ್ತಾಗಿ ಬರೆದ ಪತ್ರ ಬಂದಿದೆ. ಈ ವಾರದ ಉಳಿದ ಪತ್ರಗಳನ್ನೆಲ್ಲ ಪಕ್ಕಕ್ಕಿಟ್ಟಿದ್ದೇನೆ. ಅತ್ತೆ ಸೊಸೆಯರು ಒಂದು ವಾರ ಕಾಯಲಿ, ಅವರಿಗೆ ಅಭ್ಯಾಸವಿದೆ.

ವಿಷಯ ಇಷ್ಟು. ಹುಡುಗಿ ಐದು ವರ್ಷಗಳಿಂದ ಈಜುತ್ತಿದ್ದಾಳೆ. ಅವಳದು ನೂರು ಮೀಟರ್ ಬ್ರೆಸ್ಟ್‌ಸ್ಟ್ರೋಕ್. ಡಿಸೆಂಬರ್ 31ರ ರಾತ್ರಿ ಮನೆಮಂದಿಯೆಲ್ಲ ಸೇರಿದ್ದಾಗ ಚಿಕ್ಕಪ್ಪ ಅವಳನ್ನು ನಡುಮನೆಯಲ್ಲಿ ನಿಲ್ಲಿಸಿ, ‘ಹೊಸ ವರ್ಷದ ಗುರಿ ಏನು, ಎಲ್ಲರಿಗೂ ಕೇಳುವ ಹಾಗೆ ಹೇಳು’ ಎಂದರಂತೆ. ಇವಳ ಬಾಯಿಂದ ‘1:17’ ಎಂದು ಬಂದುಬಿಟ್ಟಿತು. ಒಂದು ನಿಮಿಷ ಹದಿನೇಳು ಸೆಕೆಂಡು. ಚಿಕ್ಕಪ್ಪ ಅದನ್ನು ವಿಡಿಯೊ ಮಾಡಿ ಮನೆಯ ವಾಟ್ಸ್ಆ್ಯಪ್ ಗುಂಪಿಗೆ ಹಾಕಿದರು. ಬೆಳಗಾಗುವಷ್ಟರಲ್ಲಿ ಅಪ್ಪ ಕೆಂಪು ಸ್ಕೆಚ್ ಪೆನ್ನಿನಲ್ಲಿ ‘ಈಗ 1:22, ಗುರಿ 1:17’ ಎಂದು ಬರೆದು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದರು. ಕೋಚ್ ಮಾತ್ರ, ‘ಈ ವರ್ಷ 1:21 ಬಂದರೆ ಬಹಳವಾಯಿತು, ಮೊದಲು ತಿರುವು ಸರಿಮಾಡಿಕೋ’ ಎನ್ನುತ್ತಾರೆ. ಹುಡುಗಿಗೆ ರಾತ್ರಿ ನಿದ್ದೆ ಹತ್ತುತ್ತಿಲ್ಲ. ಅಪ್ಪನ ಮಾತು ಕೇಳಲೋ, ಕೋಚ್ ಮಾತು ಕೇಳಲೋ ಎಂದು ಕೇಳಿದ್ದಾಳೆ.

ಕೋಚ್ ಮಾತು ಕೇಳು. ಆ ಪ್ರಶ್ನೆ ಅಲ್ಲಿಗೆ ಮುಗಿಯಿತು.

ಆದರೆ ಮಗೂ, ಹಾಳೆಯ ಹಿಂಬದಿಯ ಅಂಚಿನಲ್ಲಿ ಇರುವೆ ಸಾಲಿನಂಥ ಅಕ್ಷರಗಳಲ್ಲಿ ನೀನು ಇನ್ನೊಂದು ಮಾತು ಬರೆದಿದ್ದೀಯೆ: ‘ಇನ್ನೊಂದು ಚಿಕ್ಕ ವಿಷಯ, ಅದೇನೂ ಮುಖ್ಯವಲ್ಲ. ನವೆಂಬರಿನ ರೇಸಿನಲ್ಲಿ ತಿರುವಿನ ಹತ್ತಿರ ಒಂದೇ ಕೈ ಮುಟ್ಟಿತೆಂದು ನನ್ನನ್ನು ಡಿಸ್‌ಕ್ವಾಲಿಫೈ ಮಾಡಿದರು. ಅಪ್ಪ ಅವತ್ತು ಬಂದಿರಲಿಲ್ಲ. ಮನೆಯಲ್ಲಿ ನಾಲ್ಕನೆಯವಳಾಗಿ ಬಂದೆ ಎಂದು ಹೇಳಿದ್ದೇನೆ. 1:22 ಅವತ್ತಿನದು, ಗೆಳತಿಯ ಅಮ್ಮ ಮೊಬೈಲಿನಲ್ಲಿ ಹಿಡಿದಿದ್ದು.’

ಮುಖ್ಯವಲ್ಲವಂತೆ! ನಿನ್ನ ನಿದ್ದೆ ತಿನ್ನುತ್ತಿರುವುದು ಈ ಇರುವೆಸಾಲೇ.

ಈಜು ಗೊತ್ತಿಲ್ಲದ ಓದುಗರಿಗೆ ಎರಡು ಮಾತು. ನನಗೂ ಈಜು ಬರುವುದಿಲ್ಲ, ಆದರೆ ತಂಗಿಯ ಮಗಳ ನೆಪದಲ್ಲಿ ಬಸವನಗುಡಿಯ ಕೊಳದ ಮೆಟ್ಟಿಲುಗಳ ಮೇಲೆ ಕುಳಿತು ಮೂರು ಸ್ವೆಟರ್ ಹೆಣೆದಿದ್ದೇನೆ. ಕೊಳದ ತುದಿಯ ತಿರುವಿನಲ್ಲಿ, ಫ್ರೀಸ್ಟೈಲಾದರೆ ಪಲ್ಟಿ ಹೊಡೆದು ಕಾಲಿನಿಂದ ಗೋಡೆ ಒದ್ದರೂ ನಡೆಯುತ್ತದೆ. ಬ್ರೆಸ್ಟ್‌ಸ್ಟ್ರೋಕಿನಲ್ಲಿ ಎರಡೂ ಕೈ ಒಟ್ಟಿಗೇ ಮುಟ್ಟಬೇಕು. ಐವತ್ತು ಮೀಟರಿನ ಕೊಳವಾದರೆ ನೂರು ಮೀಟರಿನ ರೇಸಿನಲ್ಲಿ ಗೋಡೆ ಸಿಗುವುದೇ ಎರಡು ಸಲ. ದಣಿದಾಗ ಕೊನೆಯ ಸ್ಟ್ರೋಕಿನ ಲೆಕ್ಕ ತಪ್ಪಿ ಗೋಡೆ ಒಂದು ಗೇಣು ದೂರ ಉಳಿಯುತ್ತದೆ. ಇನ್ನೊಂದು ಸ್ಟ್ರೋಕಿಗೆ ಜಾಗವಿಲ್ಲ, ಜಾರಿಕೊಂಡು ಹೋಗಿ ಮುಟ್ಟುವ ತಾಳ್ಮೆಯಿಲ್ಲ. ಬಲಗೈ ತಾನಾಗಿ ಚಾಚಿಕೊಳ್ಳುತ್ತದೆ, ಎಡಗೈ ಇನ್ನೂ ಎದೆಯ ಕೆಳಗೇ ಇರುತ್ತದೆ. ಲೇನಿನ ತುದಿಯಲ್ಲಿ ಬಗ್ಗಿ ನೋಡುತ್ತಿದ್ದ ನಿರ್ಣಾಯಕರು ಕೈ ಎತ್ತುತ್ತಾರೆ. ಈಜುವವಳಿಗೆ ಅದು ಕಾಣುವುದೂ ಇಲ್ಲ. ಉಳಿದ ಐವತ್ತು ಮೀಟರ್ ಉಸಿರುಗಟ್ಟಿ ಈಜಿ ಮೇಲೆ ಬಂದರೆ ಫಲಿತಾಂಶದ ಹಾಳೆಯಲ್ಲಿ ಹೆಸರಿನ ಮುಂದೆ ‘ಡಿಕ್ಯೂ’, ಅಂದರೆ ಡಿಸ್‌ಕ್ವಾಲಿಫೈ. ಟೈಮಿಂಗ್ ಲೆಕ್ಕಕ್ಕಿಲ್ಲ.

ಇದರಲ್ಲಿ ನಾಚಿಕೆಪಡುವಂಥದ್ದು ಏನಿದೆ? 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಅಮೆರಿಕದ ಅಲೆಕ್ಸ್ ವಾಲ್ಶ್, ನಾಲ್ಕು ಬಗೆಯ ಈಜೂ ಒಂದರ ಹಿಂದೊಂದು ಬರುವ 200 ಮೀಟರ್ ಮೆಡ್ಲೆ ಫೈನಲಿನಲ್ಲಿ ಮೂರನೆಯವಳಾಗಿ ಗೋಡೆ ಮುಟ್ಟಿದಳು. ಬ್ಯಾಕ್‌ಸ್ಟ್ರೋಕಿನಿಂದ ಬ್ರೆಸ್ಟ್‌ಸ್ಟ್ರೋಕಿಗೆ ಹೊರಳುವ ತಿರುವಿನಲ್ಲಿ ತಪ್ಪಾಗಿದೆ ಎಂದರು, ಕಂಚು ಇನ್ನೊಬ್ಬಳ ಪಾಲಾಯಿತು. ಅದನ್ನು ಲೋಕವೇ ನೋಡಿತು. ನಿನ್ನದನ್ನು ನೋಡಿದವರು ಹತ್ತು ಮಂದಿ, ಅವರಲ್ಲಿ ಐವರು ಇಡ್ಲಿ ತಿನ್ನುತ್ತಿದ್ದಿರಬೇಕು.

ತೊಡಕಾಗಿರುವುದು ಸುಳ್ಳಿನಿಂದ. ನೀನೇ ಬರೆದಿರುವಂತೆ ಹಾಳೆಯ ಮೇಲೆ ದಾಖಲಾದ ನಿನ್ನ ಒಳ್ಳೆಯ ಟೈಮಿಂಗ್ 1:25. ಅಂದಮೇಲೆ ಫ್ರಿಜ್ಜಿನ ಮೇಲಿನ ‘ಈಗ’ ಎಂಬುದೇ ತಪ್ಪು. ಅಪ್ಪ ಐದು ಸೆಕೆಂಡು ಇಳಿಸಬೇಕೆಂದುಕೊಂಡಿದ್ದಾರೆ, ನೀನು ಕತ್ತಲಲ್ಲಿ ಮಲಗಿ ಎಂಟನ್ನು ಎಣಿಸುತ್ತಿದ್ದೀಯೆ. ನಮ್ಮ ಬೆಂಗಳೂರಿನ ಶ್ರೀಹರಿ ನಟರಾಜ್ 2021ರಲ್ಲಿ ರೋಮ್‌ನಲ್ಲಿ ನೂರು ಮೀಟರ್ ಬ್ಯಾಕ್‌ಸ್ಟ್ರೋಕನ್ನು 53.77 ಸೆಕೆಂಡಿನಲ್ಲಿ ಈಜಿ ಒಲಿಂಪಿಕ್ಸ್‌ಗೆ ನೇರ ಪ್ರವೇಶ ಕೊಡುವ ‘ಎ’ ಅರ್ಹತೆ ಪಡೆದಾಗ ಬೇಕಿದ್ದುದು 53.85. ದಾಟಿದ್ದು ಬರೀ 0.08 ಸೆಕೆಂಡಿನಿಂದ. ಎಂಟು ಸೆಕೆಂಡೆಂದರೆ ಎಂಥ ದೂರ, ನೋಡು. ಬೆಳೆಯುವ ವಯಸ್ಸಿನಲ್ಲಿ ಸೆಕೆಂಡುಗಳು ಬೇಗ ಉದುರುತ್ತವೆ, ಒಪ್ಪಿದೆ. ಆದರೂ ಎಲ್ಲಿ ನಿಂತಿದ್ದೇನೆಂದು ಗೊತ್ತಿದ್ದವಳಿಗೆ ಮಾತ್ರ ಎಷ್ಟು ದೂರ ಹೋಗಬೇಕೆಂದು ಗೊತ್ತಾಗುತ್ತದೆ. ನಾಳೆ ಅಪ್ಪ ಮುಂದಿನ ಸ್ಪರ್ಧೆಯ ಅರ್ಜಿಯಲ್ಲಿ 1:22 ಎಂದು ಬರೆದರೆ, ಅದನ್ನು ನಂಬಿ ನಿನ್ನನ್ನು ವೇಗದವರ ಜೊತೆ ನಡುವಿನ ಲೇನಿಗೆ ಹಾಕುತ್ತಾರೆ. ಆಗ ಏನು ಮಾಡುತ್ತೀಯೆ?

ಅಪ್ಪನ ಮೇಲೆ ನನಗೆ ಸಿಟ್ಟು ಬರುತ್ತಿಲ್ಲ. ಜನವರಿಯ ಚಳಿಯಲ್ಲಿ ನಾಲ್ಕೂಮುಕ್ಕಾಲಿಗೆ ಸ್ಕೂಟರ್ ಒದೆಯುವ ಮನುಷ್ಯ ಒಂದು ಕೆಂಪು ಪೆನ್ನು ಹಿಡಿದರೆ ಹಿಡಿಯಲಿ. ನನ್ನ ಸಿಟ್ಟೆಲ್ಲ ಆ ಚಿಕ್ಕಪ್ಪನ ಮೇಲೆ. ಬಂದವರೆದುರು ಮಕ್ಕಳನ್ನು ನಿಲ್ಲಿಸಿ ಹಾಡಿಸುವ, ಮಗ್ಗಿ ಹೇಳಿಸುವ, ಈಗ ಗುರಿ ಹೇಳಿಸುವ ಈ ಜಾತಿಯ ಬಂಧುಗಳ ಬಗ್ಗೆ ಇದೇ ಅಂಕಣದಲ್ಲಿ ಎಷ್ಟು ಸಲ ಬರೆದಿದ್ದೇನೋ. ‘ಧಿನಿಧಿ ದೇಸಿಂಗು ಹದಿನಾಲ್ಕಕ್ಕೇ ಪ್ಯಾರಿಸ್‌ಗೆ ಹೋದಳು, ನೀನು ಯಾವಾಗ?’ ಎಂದು ಬೇರೆ ಕೇಳಿದರಂತೆ. ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಈಜಿದ ಆ ಹುಡುಗಿಗೆ ಚಿಕ್ಕಂದಿನಲ್ಲಿ ನೀರೆಂದರೆ ಭಯವಿತ್ತು ಎಂಬುದು ಇವರ ಕಿವಿಗೆ ಬಿದ್ದಂತಿಲ್ಲ. ನೀವು ಕೊನೆಯ ಸಲ ನೀರಿಗಿಳಿದದ್ದು ಯಾವಾಗ ಸ್ವಾಮಿ?

ನಿದ್ದೆಯ ವಿಚಾರದಲ್ಲಿ ನನ್ನ ಹುಚ್ಚು ಹಳೆಯ ಓದುಗರಿಗೆ ಗೊತ್ತು. ನಿನ್ನ ವಯಸ್ಸಿಗೆ ಎಂಟರಿಂದ ಹತ್ತು ಗಂಟೆ ಬೇಕು. ನಾಲ್ಕೂವರೆಗೆ ಏಳುವವಳು ಎಂಟೂವರೆಗೆ ದೀಪ ಆರಿಸಬೇಕು. ಆದರೆ ಹೊಟ್ಟೆಯಲ್ಲಿ ಇಂಥದ್ದನ್ನು ಇಟ್ಟುಕೊಂಡು ಮಲಗಿದರೆ ದೀಪ ಆರಿಸಿಯೂ ಪ್ರಯೋಜನವಿಲ್ಲ.

ಆದ್ದರಿಂದ ಮಾಡಬೇಕಾದದ್ದು ಒಂದೇ. ನಾಳೆ ಬೆಳಿಗ್ಗೆ ಕೊಳದ ಗೇಟಿನ ಮುಂದೆ ಅಪ್ಪ ಸ್ಕೂಟರ್ ನಿಲ್ಲಿಸುತ್ತಾರಲ್ಲ, ಆಗ ಹೇಳು. ಮನೆಯಲ್ಲಿ ಬೇಡ, ಫೋನಿನಲ್ಲಿ ಬೇಡ. ಹೆಲ್ಮೆಟ್ ತೆಗೆದು ಅವರ ಕೈಗೆ ಕೊಟ್ಟು, ‘ಅಪ್ಪ, ನವೆಂಬರಿನಲ್ಲಿ ನಾನು ನಾಲ್ಕನೆಯವಳಾಗಿ ಬಂದಿರಲಿಲ್ಲ. ಒಂದೇ ಕೈ ಮುಟ್ಟಿ ಡಿಸ್‌ಕ್ವಾಲಿಫೈ ಆಗಿದ್ದೆ. ನನ್ನ ಟೈಮಿಂಗ್ 1:25’ ಎನ್ನು. ಅಷ್ಟೇ ಹೇಳಿ ಬ್ಯಾಗು ಹೆಗಲಿಗೇರಿಸಿಕೊಂಡು ಒಳಗೆ ಹೋಗಿ ನೀರಿಗೆ ಧುಮುಕು. ನಿನಗೆ ಒಂದೂವರೆ ಗಂಟೆ ಕೆಲಸವಿದೆ. ಅಪ್ಪನಿಗೂ ಎದುರಿನ ಅಂಗಡಿಯಲ್ಲಿ ಎರಡು ಟೀ ಕುಡಿದು ಸಿಟ್ಟು ಇಳಿಸಿಕೊಳ್ಳಲು ಅಷ್ಟು ಹೊತ್ತು ಬೇಕು.

ಮನೆಗೆ ಬಂದಮೇಲೆ ಫ್ರಿಜ್ಜಿನ ಮೇಲಿನ 1:22 ಹೊಡೆದುಹಾಕಿ ನಿನ್ನ ಕೈಯಲ್ಲೇ 1:25 ಎಂದು ಬರೆ. ಚಿಕ್ಕಪ್ಪನಿಗೆ ಹೇಳಿಕಳಿಸುವ ಅಗತ್ಯವಿಲ್ಲ. ಫ್ರಿಜ್ ತೆಗೆಯಲು ಬಂದಾಗ ಓದಿಕೊಳ್ಳುತ್ತಾರೆ.