ಮೊಬೈಲ್‌ಗೆ ಬರೋ ಲೆಕ್ಕ ಮಗಳಿಗೆ ಯಾಕ ಬರವಲ್ತು?

ಪ್ರಶ್ನೆ: ನಮಸ್ಕಾರ ರೀ. ಮಗಳು ಆರನೇತ್ತಾ, ಇಂಗ್ಲಿಷ್ ಮೀಡಿಯಂ, ನಾನು ಪೂರಾ ಕನ್ನಡ ಮೀಡಿಯಂನಾಗ ಓದಿ ಪಿಯುಸಿ ಆರ್ಟ್ಸ್ ಮುಗಿಸಿದಾಕಿ. ಆಕಿ ಗಣಿತ ನನಗ ತಿಳಿಯಂಗಿಲ್ಲ, ಅದಕ್ಕ ಫೋಟೋ ಹೊಡದ್ರ ಉತ್ತರ ತೋರಸೋ ಆ್ಯಪ್ ಹಾಕ್ಕೊಂಡೀನಿ, ಅದ್ರಾಗ ಬಂದದ್ದು ನೋಡಿ ಬರೀತಾಳ, ಹೋಮ್‌ವರ್ಕ್ ಎಲ್ಲಾ ರೈಟ್. ಆದ್ರ ಟೆಸ್ಟ್‌ನಾಗ ಅಂಥಾದ್ದ ಲೆಕ್ಕ ಬಂದ್ರ ಖಾಲಿ ಬಿಟ್ಟು ಬರ್ತಾಳ. ಟೀಚರ್ ಒಮ್ಮೆ ನೋಟ್‌ಬುಕ್ಕಿನಾಗ ‘ಇದು ನಾ ಹೇಳಿಕೊಟ್ಟ ರೀತಿ ಅಲ್ಲ’ ಅಂತ ಬರದಿದ್ರು. ನಮ್ಮ ಮನಿಯವ್ರು ಎಪಿಎಂಸಿಯೊಳಗ ದಲಾಲಿ ಅಂಗಡ್ಯಾಗ ಲೆಕ್ಕ ಬರೀತಾರ, ಆದ್ರ ಇಂಗ್ಲಿಷ್ ಗಣಿತ ತಮಗ ಬರಂಗಿಲ್ಲ ಅಂತ ದೂರ ಸರೀತಾರ. ಆ್ಯಪ್ ತಗದು ಟ್ಯೂಷನ್‌ಗೆ ಹಚ್ಚಲೇನ್ರಿ?
— ಒಬ್ಬ ತಾಯಿ, ಗದಗ-ಬೆಟಗೇರಿ

ಉತ್ತರ: ತಂಗೀ, ಟೀಚರ್ ಬರದ ಆ ಒಂದು ಸಾಲು ಮೊದ್ಲು ತಗೋಳ್ರಿ, ನಿಮ್ಮ ತೊಂದ್ರಿ ಬಾಳಷ್ಟು ಅಲ್ಲೇ ಐತಿ. 5/6ಕ್ಕ 3/8 ಕೂಡಸು ಅಂತ ಲೆಕ್ಕ ಇತ್ತು ಅಂತ ಇಟ್ಕೊಳ್ರಿ. ಸಾಲ್ಯಾಗ ಲ.ಸಾ.ಅ. ಹೇಳಿಕೊಟ್ಟ ಮ್ಯಾಲೆ ಇದನ್ನ ಕೊಟ್ಟಿರ್ತಾರ, ನಿಮ್ಮ ಮಗಳು ಎಲ್‌ಸಿಎಂ ಅಂತಾಳ ನೋಡ್ರಿ, ಅದ, ಅಂದ್ರ ಎರಡೂ ಸಂಖ್ಯೆಯಿಂದ ಪೂರಾ ಭಾಗ ಹೋಗೋ ಎಲ್ಲಕ್ಕಿಂತ ಸಣ್ಣ ಸಂಖ್ಯೆ. 6 ಮತ್ತ 8ರ ಲ.ಸಾ.ಅ. 24, ಹಂಗಾಗಿ 20/24ಕ್ಕ 9/24 ಕೂಡಿಸಿದ್ರ 29/24. ನೆಟ್ಟಿನಾಗ ಕೆಲವು ಕಡೆ ಅಡ್ಡ ಗುಣಸ್ತಾರ, ಮ್ಯಾಲೆ 40 ಮತ್ತ 18 ಕೂಡಿ 58, ಕೆಳಗ 48, ಆಮ್ಯಾಲೆ ಎರಡರಿಂದ ಭಾಗಿಸಿದ್ರ ಅದ 29/24 ಬರತೈತಿ. ಎರಡೂ ಖರೇನ. ಆದ್ರ ಟೀಚರ್ ನೋಡೋದು ಲ.ಸಾ.ಅ. ತಲ್ಯಾಗ ಇಳದೈತೋ ಇಲ್ಲೋ ಅಂತ, ಬರೇ 29/24 ಅವ್ರಿಗೆ ಬೇಕಾಗಿಲ್ಲ.

ಇನ್ನೊಂದು, ಆ ಆ್ಯಪ್ ಮಾಡಿದವ್ರಿಗೆ ನಿಮ್ಮ ಮಗಳು ಯಾವ ಇಯತ್ತೆ, ಯಾವ ಸಿಲೆಬಸ್ ಅಂತ ಏನೂ ಗೊತ್ತಿರಂಗಿಲ್ಲ. ಅಮೆರಿಕದವ್ರು ನಮ್ಮ ಎಚ್‌ಸಿಎಫ್‌ಗೆ (ಎರಡೂ ಸಂಖ್ಯೆಯನ್ನ ಪೂರಾ ಭಾಗಿಸೋ ಎಲ್ಲಕ್ಕಿಂತ ದೊಡ್ಡ ಸಂಖ್ಯೆ) ಜಿಸಿಎಫ್ ಅಂತಾರ, ಒಂದ ಲೆಕ್ಕದಾಗ ಗುಣಿಸೋದು-ಕೂಡಿಸೋದು ಯಾವುದು ಮೊದ್ಲು ಅಂತ ಹೇಳೋ ಬೋಡ್‌ಮಾಸ್‌ಗೆ ಪೆಮ್‌ಡಾಸ್ ಅಂತಾರ, ನಾವು 45,27,340 ಅಂತ ಅಲ್ಪವಿರಾಮ ಹಾಕೋ ಸಂಖ್ಯೆಗೆ ಅವ್ರು 4,527,340 ಅಂತ ಹಾಕ್ತಾರ. ದೊಡ್ಡವ್ರಿಗೆ ಇದು ಸಣ್ಣ ಫರಕು, ಆದ್ರ ಹನ್ನೊಂದು ವರ್ಷದ ಹುಡುಗಿಗೆ ಮೊದಲ ಅರ್ಧ ತಿಳದಿರತೈತಿ, ಅದ್ರಾಗ ಮತ್ತೊಂದು ಹೊಸಾ ಪಾಠ ಬಂತು ಅನ್ನಿಸಿ ಇದ್ದದ್ದೂ ಕಲಸಿ ಹೋಗತೈತಿ.

ಅದಕ್ಕ ಆ್ಯಪ್ ತಗೀಬ್ಯಾಡ್ರಿ, ಅದು ನಿಮ್ಮ ಕೈಯಾಗ ಇರ್ಲಿ, ಆಕಿ ಕೈಯಾಗ ಬ್ಯಾಡ. ಸ್ಟೇಟ್ ಸಿಲೆಬಸ್ ಇದ್ರ ಅದ ಗಣಿತ ಪುಸ್ತಕ ಕನ್ನಡದಾಗೂ ಐತಿ, ಕರ್ನಾಟಕ ಪಠ್ಯಪುಸ್ತಕ ಸಂಘದ ವೆಬ್‌ಸೈಟಿನಾಗ ಪಿಡಿಎಫ್ ಪುಕ್ಕಟೆ ಸಿಗತೈತಿ. ಇಳಿಸ್ಕೊಂಡು ಎರಡೂ ಬಾಜೂಕ ಇಟ್ಕೊಂಡು ಕೂಡ್ರಿ, ಡಿನಾಮಿನೇಟರ್ ಅಂದ್ರ ಛೇದ, ಪ್ರೈಮ್ ನಂಬರ್ ಅಂದ್ರ ಅವಿಭಾಜ್ಯ ಅಂತ ಗೊತ್ತಾದ ಕೂಡ್ಲೆ ನಿಮಗ ಎಷ್ಟೋ ನೆನಪಾಗತೈತಿ, ನೀವು ಓದಿದ್ದ ಗಣಿತಾನ ಅದು. ಪುಸ್ತಕದಾಗಿನ ಕ್ಯೂಆರ್ ಕೋಡ್ ಸರ್ಕಾರದ ದೀಕ್ಷಾ ಆ್ಯಪ್‌ಲೆ ಸ್ಕ್ಯಾನ್ ಮಾಡಿದ್ರ ಅದ ಪಾಠಕ್ಕ ಸಂಬಂಧಪಟ್ಟದ್ದು ಬರತೈತಿ, ಎಲ್ಲೆಲ್ಲೋ ಹುಡುಕೋದು ತಪ್ಪತೈತಿ.

ಆಕಿ ಸಿಕ್ಕಾಕೊಂಡ್ರ ಹೋಮ್‌ವರ್ಕಿನ ಲೆಕ್ಕಾನ ಫೋಟೋ ಹೊಡೀಬ್ಯಾಡ್ರಿ. ಅಂಕಿ ಬದಲ್ ಮಾಡಿ ಅಂಥಾದ್ದ ಇನ್ನೊಂದು ಬರದು ಅದ್ರ ಫೋಟೋ ಹೊಡೀರಿ, ಇಬ್ರೂ ಕೂಡಿ ಅದನ್ನ ಓದ್ರಿ, ಮೊಬೈಲ್ ಮಗ್ಗಲಕ್ಕ ಇಟ್ಟು ಆಮ್ಯಾಲೆ ಆಕಿ ತನ್ನ ಲೆಕ್ಕ ತಾನ ಬಿಡಸ್ಲಿ. ಹಂಗೂ ಆಗಲಿಲ್ಲ? ಅರ್ಧಕ್ಕ ಬಿಟ್ಟು ‘ಇಲ್ಲಿ ತನ ಬಂತು, ಮುಂದ ತಿಳಿಲಿಲ್ಲ’ ಅಂತ ಬರದು ಕಳಸ್ರಿ. ಎಲ್ಲಾ ರೈಟ್ ಇದ್ದ ನೋಟ್‌ಬುಕ್ ನೋಡಿದ್ರ ಆಕಿಗೆ ಏನ್ ಬರಂಗಿಲ್ಲ ಅಂತ ಟೀಚರ್‌ಗೆ ಹೆಂಗ ಗೊತ್ತಾಗಬೇಕು ಹೇಳ್ರಿ.

ಮತ್ತ ನಿಮ್ಮ ಮನಿಯವ್ರನ್ನ ದಯಮಾಡಿ ದೂರ ಇಡಬ್ಯಾಡ್ರಿ! ಹೆಸರುಕಾಳು ಕ್ವಿಂಟಲ್‌ಗೆ 7,500 ಆದ್ರ 45 ಕೆಜಿ ಚೀಲಕ್ಕ ಎಷ್ಟು ಅಂತ ಕೇಳ್ರಿ, ಕೆಜಿಗೆ 75, ಅಂದ್ರ 3,375 ಅಂತ ನಿಂತಲ್ಲೇ ಹೇಳ್ತಾರ. ಆಕಿ ಪುಸ್ತಕದಾಗಿನ ಯುನಿಟರಿ ಮೆಥಡ್ ಅಂದ್ರ ಇದ. ಇಂಗ್ಲಿಷ್ ವಾಕ್ಯ ಆಕಿ ಓದಿ ಕನ್ನಡದಾಗ ಹೇಳ್ಲಿ, ಅವ್ರು ಬಾಯಿಲೆಕ್ಕ ಹೆಂಗ ಮಾಡಿದ್ರು ಅಂತ ತಿಳಿಸಿ ಹೇಳ್ಲಿ. ಇಷ್ಟು ವಿದ್ಯಾ ಮನ್ಯಾಗ ಇಟ್ಕೊಂಡು ಬರಂಗಿಲ್ಲ ಅಂತ ಸರಿಯೋದು ನೋಡಿದ್ರ ನನಗ ಸಂಕಟ ಆಗತೈತಿ. ಟ್ಯೂಷನ್ ಮಾತು ಮುಂದಿನ ಟೆಸ್ಟ್ ಆದ ಮ್ಯಾಲೆ ನೋಡೋಣ.

ಪ್ರಶ್ನೆ: ಮಗ ಒಂಬತ್ತನೇತ್ತಾ. ಎಐ ಹತ್ರ ಕೇಳಿ ಗಣಿತ ಬರೀತಾನ. ಅದು ಕೊಟ್ಟ ಉತ್ತರ ಖರೇ ಐತಿಲ್ಲೋ ಅಂತ ನನ್ನಂಥ ಒಕ್ಕಲುತನದವ ನೋಡೋದು ಹೆಂಗ್ರಿ?
— ಒಬ್ಬ ತಂದಿ, ರಾಣೇಬೆನ್ನೂರು, ಹಾವೇರಿ ಜಿಲ್ಲೆ

ಉತ್ತರ: ಅಣ್ಣಾರ, ನೀವು ಕೇಳಿದ್ದು ಚಲೋ ಆತು, ಎಐ ತಪ್ಪು ಉತ್ತರಾನೂ ಅಷ್ಟ ಧೈರ್ಯದಿಂದ ಹೇಳತೈತಿ. ಸಮೀಕರಣ ಇದ್ರ ಬಂದ ಉತ್ತರ ತಿರುಗಿ ಅದ್ರಾಗ ಹಾಕಿಸ್ರಿ. 3x − 7 = x + 5 ಇದ್ದು x ಅಂದ್ರ 6 ಅಂತ ಬಂದ್ರ, ಎಡಕ್ಕ 18ರಾಗ 7 ಹೋದ್ರ 11, ಬಲಕ್ಕ 6ಕ್ಕ 5 ಕೂಡಿದ್ರ 11, ಸರಿ ಐತಿ. ಇದನ್ನ ನೀವ ಕೂತು ನೋಡಬಹುದು. ರೇಖಾಗಣಿತದ ಸಾಧನೆ ಇದ್ರ ಒಂದೊಂದು ಸಾಲಿಗೂ ‘ಇದು ಯಾಕ?’ ಅಂತ ಮಗನ್ನ ಕೇಳ್ರಿ, ಯಾವ ಸಾಲಿಗೆ ಅವಂಗ ಹೇಳಾಕ ಆಗಂಗಿಲ್ಲೋ ಅದ್ರ ಮುಂದ ಪೆನ್ಸಿಲ್‌ಲೆ ಗೆರಿ ಹೊಡಸ್ರಿ, ಮರುದಿನ ಮಾಸ್ತರನ ಕೇಳಬೇಕಾಗಿದ್ದು ಅಷ್ಟ.